'ಅನುದಿನದ ಆಹಾರ'ದ ಹಿಂದಿರುವ ಒಂಟಿ ಪದ

ನಾನು ಓದಿದ್ದು ಕನ್ನಡ ಮಾಧ್ಯಮದ ಒಂದು ಮಿಷನ್ ಶಾಲೆಯಲ್ಲಿ. ದಿನಾ ಬೆಳಿಗ್ಗೆ ಅಂಗಳದಲ್ಲಿ ಸಾಲಾಗಿ ನಿಂತು, ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆ ಹೇಳಬೇಕಿತ್ತು. ಯಾವ ಮನೆಯ ಮಕ್ಕಳೇ ಆಗಿರಲಿ, ಎಲ್ಲರಿಗೂ ಅದು ಮಗ್ಗಿಯ ಹಾಗೆ ಬಾಯಿಪಾಠ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರುವಾಗಿ, "ನಮ್ಮ ಅನುದಿನದ ಆಹಾರವನ್ನು ಈಹೊತ್ತು ದಯಪಾಲಿಸು" ಅನ್ನುವಲ್ಲಿಗೆ ಬರುವಾಗ ಹಲವರ ಹೊಟ್ಟೆ ನಿಜವಾಗಿಯೂ ಚುರುಗುಟ್ಟುತ್ತಿರುತ್ತಿತ್ತು. ಒಂದು ದಿನ ಪಕ್ಕದಲ್ಲಿ ನಿಂತಿದ್ದವನು ಪಿಸುಗುಟ್ಟಿದ: "ಅನುದಿನ ಅಂದ್ರೆ ದಿನಾ. ಈಹೊತ್ತು ಅಂದ್ರೆ ಇವತ್ತು. ಒಂದೇ ಊಟಾನ ಎರಡು ಸಲ ಯಾಕೋ ಕೇಳ್ತೀವಿ?"

ಆಗ ನಗು ಬಂತು. ಎಷ್ಟೋ ವರ್ಷ ಆದಮೇಲೆ ಗೊತ್ತಾಯಿತು, ಅವನು ಕೈ ಹಾಕಿದ್ದು ಸುಮಾರು 1800 ವರ್ಷಗಳಿಂದ ಬಿಡಿಸಲಾಗದ ಗಂಟಿಗೆ ಅಂತ.

'ಅನುದಿನದ' ಅಂತ ನಾವು ಓದುವ ಕಡೆ ಗ್ರೀಕ್ ಮೂಲದಲ್ಲಿ ಇರುವುದು 'ಎಪಿಯೂಸಿಯೊಸ್' ಅನ್ನುವ ಪದ. (ಗ್ರೀಕರ ಬಾಯಲ್ಲಿ ಅದು ಎಪಿ-ಊಸಿಯೊಸ್. ನಡುವೆ 'ಯ' ಸೇರಿಸಿದ್ದು ನಮ್ಮ ಕನ್ನಡದ ನಾಲಿಗೆ.) ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಎರಡೇ ಕಡೆ, ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲಿ: ಮತ್ತಾಯ 6:11 ಮತ್ತು ಲೂಕ 11:3. ಎರಡೂ ಕಡೆ ಇದೇ ಪ್ರಾರ್ಥನೆ. ಮೂರನೆಯದು 'ದಿದಖೆ' ಎಂಬ ಪುಟ್ಟ ಕೈಪಿಡಿ. ಮೊದಮೊದಲ ಕ್ರೈಸ್ತ ಸಭೆಗಳು ದೀಕ್ಷಾಸ್ನಾನ ಹೇಗೆ ಮಾಡಿಸಬೇಕು, ಉಪವಾಸ ಯಾವಾಗ ಇರಬೇಕು ಅಂತೆಲ್ಲ ಹೇಳುವ ಪುಸ್ತಕ ಅದು. ಅದರ ಗ್ರೀಕ್ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕಣ್ಣಿಗೆ ಬಿತ್ತು, 1883ರಲ್ಲಿ ಅಚ್ಚಾಯಿತು. ತೆರೆದು ನೋಡಿದರೆ ಅಲ್ಲೂ ಇದೇ ಪ್ರಾರ್ಥನೆ, ಇದೇ ಸಾಲು. ಇಷ್ಟು ಬಿಟ್ಟರೆ ಹಳೆಯ ಗ್ರೀಕಿನ ಕಾವ್ಯ, ನಾಟಕ, ಇತಿಹಾಸ, ವೈದ್ಯ, ಯಾವುದರಲ್ಲೂ ಈ ಪದ ಸಿಗುವುದಿಲ್ಲ. ಆಮೇಲೆ ಬಂದವರು ಬಳಸಿದ್ದೆಲ್ಲ ಈ ಪ್ರಾರ್ಥನೆಯ ಮಾತೆತ್ತಿಯೇ.

ಇದು ನಮಗೆ ಈಗ ಹೊಳೆದ ವಿಷಯ ಏನಲ್ಲ. ಕ್ರಿ.ಶ. 230ರ ದಶಕದಲ್ಲಿ ಒರಿಗೆನ್ ಎಂಬ ಪಂಡಿತ ಪ್ರಾರ್ಥನೆಯ ಬಗ್ಗೆ ಒಂದು ಗ್ರಂಥ ಬರೆದ. ಅಲೆಕ್ಸಾಂಡ್ರಿಯಾದಲ್ಲಿ ಬೆಳೆದವನು, ಗ್ರೀಕ್ ಅವನ ಮನೆಮಾತು, ಓದದ ಪುಸ್ತಕ ಕಡಿಮೆ. ಅವನೇ ಹೇಳುತ್ತಾನೆ: ಈ ಪದವನ್ನು ವಿದ್ವಾಂಸರು ಯಾರೂ ಬಳಸಿಲ್ಲ, ಜನರ ಬಾಯಲ್ಲೂ ಇಲ್ಲ, ಸುವಾರ್ತೆ ಬರೆದವರೇ ಕಟ್ಟಿದ ಹಾಗಿದೆ. ಮನೆಮಾತಿನವನೇ ಹೀಗೆ ಕೈ ಚೆಲ್ಲಿದ ಮೇಲೆ ನಿಘಂಟು ಮಾಡುವವರ ಪಾಡು ಏನು ಹೇಳುವುದು.

ಒಂದು ಪದದ ಅರ್ಥ ನಮಗೆ ಹೇಗೆ ತಿಳಿಯುತ್ತದೆ? ಹತ್ತು ಜನ ಹತ್ತು ಕಡೆ ಬಳಸಿದ್ದನ್ನು ಕೇಳಿ. 'ಚುರುಕು' ಅನ್ನುವುದನ್ನು ಹುಡುಗನಿಗೂ ಹೇಳುತ್ತಾರೆ, ಚಾಕುವಿಗೂ ಹೇಳುತ್ತಾರೆ, ಬಿಸಿಲಿಗೂ ಹೇಳುತ್ತಾರೆ. ಮೂರನ್ನೂ ಕೇಳಿದವನಿಗೆ ಅರ್ಥ ತಾನಾಗಿ ಕೂರುತ್ತದೆ. ಎಪಿಯೂಸಿಯೊಸ್‌ಗೆ ಆ ಭಾಗ್ಯ ಇಲ್ಲ. ಒಂದೇ ಸಾಲು, ಒಂದೇ ಜಾಗ. ಹಾಗಾಗಿ ಉಳಿದ ದಾರಿ ಪದವನ್ನೇ ಒಡೆದು ನೋಡುವುದು.

ಒಡೆಯುವ ಮೊದಲು ಒಂದು ವಿಷಯ. 'ದಿನದ', 'ದಿನನಿತ್ಯದ' ಅಂತ ಹೇಳಲು ಗ್ರೀಕಿನಲ್ಲಿ ಪದಕ್ಕೆ ಬರ ಇರಲಿಲ್ಲ. ಯಾಕೋಬನ ಪತ್ರ 2:15ರಲ್ಲಿ ಬಟ್ಟೆಯಿಲ್ಲದೆ, ಆ ದಿನದ ಊಟಕ್ಕೂ ಇಲ್ಲದೆ ಇರುವವರ ಮಾತು ಬರುತ್ತದೆ. ಅಲ್ಲಿ ಬಳಸಿದ್ದು 'ಎಫೆಮೆರೊಸ್'. ಅಪೊಸ್ತಲರ ಕೃತ್ಯಗಳು 6:1ರಲ್ಲಿ ವಿಧವೆಯರಿಗೆ ದಿನವೂ ಹಂಚುತ್ತಿದ್ದುದರ ಜಗಳ ಇದೆ. ಅಲ್ಲಿ 'ಕಥೆಮೆರಿನೊಸ್'. ಎರಡೂ ಎಲ್ಲರಿಗೂ ತಿಳಿಯುವ ಪದಗಳು. ಅವನ್ನು ಬಿಟ್ಟು, ಯಾರೂ ಕೇಳದ ಪದವನ್ನು ಯಾಕೆ ಹುಡುಕಿದರು? ಲೂಕನ ಸಾಲಿನಲ್ಲಂತೂ "ದಿನದಿನವೂ ಕೊಡುತ್ತಿರು" ಅಂತ ಬೇರೆಯಾಗಿಯೇ ಇದೆ. ಎಪಿಯೂಸಿಯೊಸ್ ಅಂದರೂ ದಿನದಿನದ್ದೇ ಆದರೆ, "ದಿನದಿನದ ರೊಟ್ಟಿಯನ್ನು ದಿನದಿನವೂ ಕೊಡು" ಅಂದ ಹಾಗಾಯಿತು. ಶಾಲೆಯಲ್ಲಿ ನನ್ನ ಪಕ್ಕ ನಿಂತಿದ್ದವನಿಗೆ ಕಿರಿಕಿರಿಯಾದದ್ದು ಇದೇ ಅಲ್ವಾ?

ಈಗ ಒಡೆಯೋಣ. ಕನ್ನಡ ವ್ಯಾಕರಣ ಓದಿದವರಿಗೆ ಇದು ಸುಲಭ, ಯಾಕೆಂದರೆ ಇಡೀ ಜಗಳ ನಿಂತಿರುವುದು ಲೋಪಸಂಧಿಯ ಮೇಲೆ.

ಮೊದಲ ತುಂಡು 'ಎಪಿ'. ಮೇಲೆ, ಕಡೆಗೆ, ಸಲುವಾಗಿ, ಹೀಗೆ ಹಲವು ಅರ್ಥ ಅದಕ್ಕೆ. ತಕರಾರು ಇರುವುದು ಎರಡನೆಯ ತುಂಡಿನಲ್ಲಿ. ಒಂದು ಪಕ್ಷ ಹೇಳುವುದು ಅದು 'ಊಸಿಯಾ' ಅಂತ. ಊಸಿಯಾ ಅಂದರೆ ಇರವು, ಸತ್ವ. ಆಗ ಎಪಿಯೂಸಿಯೊಸ್ ಅಂದರೆ 'ಇರುವುದಕ್ಕೆ ಬೇಕಾದ', ಬದುಕಿ ಉಳಿಯಲು ಬೇಕಾದಷ್ಟು. ಇನ್ನೂ ಮೇಲಕ್ಕೆ ಎಳೆದರೆ 'ಸತ್ವಕ್ಕೂ ಮೀರಿದ', ಅಂದರೆ ಆತ್ಮದ ಆಹಾರ. ಒರಿಗೆನ್ ಒಲಿದದ್ದು ಈ ಕಡೆಗೆ.

ಇನ್ನೊಂದು ಪಕ್ಷ ಹೇಳುವುದು ಅದು 'ಬರು, ಹೋಗು' ಅನ್ನುವ ಧಾತುವಿನಿಂದ ಬಂತು ಅಂತ. ಅದರ ಸ್ತ್ರೀಲಿಂಗದ ಕೃದಂತ 'ಇಊಸಾ', ಅಂದರೆ 'ಬರುತ್ತಿರುವ'. ಎಪಿ ಸೇರಿದರೆ 'ಎಪಿಊಸಾ'. ಈ ರೂಪ ಚೆನ್ನಾಗಿ ಬಳಕೆಯಲ್ಲಿತ್ತು. 'ಎಪಿಊಸಾ' ಅಂದರೆ ಬರುವ ದಿನ, ಮಾರನೆಯ ದಿನ. ಪೌಲನ ಹಡಗು ಮರುದಿನ ನೆಯಾಪೊಲಿಗೆ ಮುಟ್ಟಿತು ಅಂತ ಅಪೊಸ್ತಲರ ಕೃತ್ಯಗಳು 16:11ರಲ್ಲಿ ಬರುವಾಗ ಆ 'ಮರುದಿನ' ಇದೇ ಪದ. ಹೀಗೆ ನೋಡಿದರೆ ಎಪಿಯೂಸಿಯೊಸ್ ರೊಟ್ಟಿ ಅಂದರೆ 'ಬರುವ ದಿನದ ರೊಟ್ಟಿ'.

ಯಾವುದು ಸರಿ? ಇಲ್ಲಿ ಸಂಧಿ ಸಾಕ್ಷಿ ಹೇಳುತ್ತದೆ. ನಮ್ಮಲ್ಲಿ ಊರು + ಅಲ್ಲಿ = ಊರಲ್ಲಿ. ಸ್ವರದ ಮುಂದೆ ಸ್ವರ ಬಂದಾಗ ಹಿಂದಿನದು ಬಿದ್ದುಹೋಯಿತು. ಗ್ರೀಕಿನ 'ಎಪಿ'ಗೂ ಇದೇ ಚಾಳಿ. ಮುಂದೆ ಸ್ವರ ಬಂದರೆ ತನ್ನ 'ಇ'ಯನ್ನು ಬಿಟ್ಟು 'ಎಪ್' ಆಗುತ್ತದೆ. ಹಾಗಾಗಿ ಎಪಿ + ಊಸಿಯಾ ಸೇರಿದ್ದರೆ 'ಎಪೂಸಿಯೊಸ್' ಆಗಬೇಕಿತ್ತು, ಎಪಿಯೂಸಿಯೊಸ್ ಅಲ್ಲ. ನಡುವಿನ 'ಇ' ಉಳಿದದ್ದು ಹೇಗೆ? ಎರಡನೆಯ ಪಕ್ಷಕ್ಕೆ ಈ ತೊಂದರೆ ಇಲ್ಲ. ಎಪಿ + ಇಊಸಾ. ಎಪಿಯ 'ಇ' ನಿಯಮದಂತೆ ಬಿತ್ತು. ಆದರೆ ಇಊಸಾ ತನ್ನದೇ ಒಂದು 'ಇ' ತಂದಿದೆ. ಅದು ಉಳಿಯಿತು. ಲೆಕ್ಕ ಸರಿಹೋಯಿತು.

ಮೊದಲ ಪಕ್ಷದವರೂ ಸುಮ್ನೆ ಕೂರುವವರಲ್ಲ. ನಿಯಮ ಮೀರಿದ ಪದಗಳೂ ಇವೆ ಅನ್ನುತ್ತಾರೆ. 'ಪೆರಿಯೂಸಿಯೊಸ್' ಎಂಬ ಅಕ್ಕತಂಗಿ ಪದ ಇದೆಯಲ್ಲ ಅಂತ ತೋರಿಸುತ್ತಾರೆ. ತೀತನಿಗೆ ಬರೆದ ಪತ್ರ 2:14ರಲ್ಲಿ ದೇವರ 'ಸ್ವಂತ' ಜನ ಅನ್ನುವ ಅರ್ಥದಲ್ಲಿ ಅದು ಬರುತ್ತದೆ. ಆದರೆ 'ಪೆರಿ' ಬೇರೆ ಜಾತಿ, ಅದು ಸ್ವರದ ಮುಂದೆ ತನ್ನ 'ಇ'ಯನ್ನು ಬಿಟ್ಟುಕೊಡುವುದೇ ಇಲ್ಲ. ಮನೆ + ಅಲ್ಲಿ ಸೇರಿದರೆ 'ಮನಲ್ಲಿ' ಆಗುವುದಿಲ್ಲವಲ್ಲ, ಹಾಗೆ. ನನ್ನ ಮಟ್ಟಿಗೆ ಸಂಧಿಯ ಸಾಕ್ಷಿ ಎರಡನೆಯವರ ಕಡೆಗೇ ಜಾಸ್ತಿ ವಾಲುತ್ತದೆ.

ಹಾಗಾದರೆ 'ನಾಳೆಯ ರೊಟ್ಟಿಯನ್ನು ಇವತ್ತು ಕೊಡು' ಅಂತಲೇ? ಇಲ್ಲಿ ಇನ್ನೊಂದು ತೊಡಕು. ಅದೇ ಮತ್ತಾಯ 6ನೇ ಅಧ್ಯಾಯದ ಕೊನೆಯಲ್ಲಿ ಯೇಸು ನಾಳೆಯ ಚಿಂತೆ ಮಾಡಬೇಡಿ ಅನ್ನುತ್ತಾನೆ. ಮೇಲೆ ನಾಳೆಯ ರೊಟ್ಟಿ ಕೇಳಿಸಿ, ಕೆಳಗೆ ನಾಳೆಯನ್ನು ಮರೆತುಬಿಡಿ ಅಂದರೆ ಹೇಗೆ? ಬಹಳ ಜನ 'ನಾಳೆಯ' ಅನ್ನುವ ಅರ್ಥವನ್ನು ಪಕ್ಕಕ್ಕೆ ಸರಿಸುವುದು ಈ ಕಾರಣಕ್ಕೇ.

ಆದರೆ 'ಎಪಿಊಸಾ'ವನ್ನು ಗ್ರೀಕರು ಹೇಗೆ ಬಳಸುತ್ತಿದ್ದರು ಅಂತ ಒಂದು ಕಡೆ ಹತ್ತಿರದಿಂದ ನೋಡಬಹುದು. ಪ್ಲೇಟೋ ಬರೆದ 'ಕ್ರಿಟೊ' ಸಂವಾದ. ಸಾಕ್ರಟೀಸ್ ಸೆರೆಮನೆಯಲ್ಲಿದ್ದಾನೆ. ಇನ್ನೂ ಬೆಳಕು ಹರಿದಿಲ್ಲ. ಗೆಳೆಯ ಕ್ರಿಟೊ ಬಂದು ಹಾಸಿಗೆಯ ಪಕ್ಕ ಕೂತಿದ್ದಾನೆ. ಡೆಲೊಸ್‌ನಿಂದ ಒಂದು ಹಡಗು ಬರಬೇಕು, ಅದು ಬಂದ ಮಾರನೆಯ ದಿನ ಸಾಕ್ರಟೀಸನ ಸಾವು. ಹಡಗು ಇವತ್ತೇ ಬರುತ್ತದೆ ಅಂತ ಕ್ರಿಟೊ. ಇಲ್ಲ, ಈ 'ಎಪಿಊಸಾ' ದಿನ ಬರುವುದಿಲ್ಲ, ಅದರ ಮರುದಿನ ಬರುತ್ತದೆ ಅನ್ನಿಸುತ್ತದೆ ಅಂತ ಸಾಕ್ರಟೀಸ್. ಇಲ್ಲಿ ಎಪಿಊಸಾ ಅಂದರೆ ನಾಳೆಯಲ್ಲ. ಇನ್ನೇನು ಬೆಳಗಾಗಲಿರುವ ಈ ದಿನ. ಅದೇ ಪದವನ್ನು ಸಂಜೆ ಹೇಳಿದರೆ ನಾಳೆ ಆಗುತ್ತದೆ. ನಿಂತ ಜಾಗದಿಂದ ಮುಂದೆ ಬರುವ ಹಗಲು ಯಾವುದೋ ಅದು.

ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮದೇ ಒಂದು ಮಾತು: "ಬೆಳಗಾದ್ರೆ ಮದುವೆ, ಇನ್ನೂ ಚಪ್ಪರಾನೇ ಹಾಕಿಲ್ಲ." "ಬೆಳಗಾದ್ರೆ ಹಬ್ಬ, ಮನೇಲಿ ಬೆಲ್ಲ ಇಲ್ಲ." ಈ 'ಬೆಳಗಾದರೆ' ನಾಳೆಯೂ ಹೌದು, ನಾಳೆ ಅಲ್ಲದ್ದೂ ಹೌದು. ರಾತ್ರಿ ಹತ್ತಕ್ಕೆ ಹೇಳಿದರೂ ಸರಿ, ಕೋಳಿ ಕೂಗುವ ಮುಂಚೆ ಹೇಳಿದರೂ ಸರಿ. ಅದರಲ್ಲಿ ದೂರದ ನಾಳೆಯ ಚಿಂತೆ ಇಲ್ಲ. ಬಾಗಿಲಿಗೆ ಬಂದು ನಿಂತ ದಿನದ ಗಡಿಬಿಡಿ ಇದೆ. ಬೆಳಗಾದರೆ ಬೇಕಾಗುವ ರೊಟ್ಟಿ. ಎಪಿಯೂಸಿಯೊಸ್‌ಗೆ ಇದಕ್ಕಿಂತ ಹತ್ತಿರದ ಕನ್ನಡ ನನಗಂತೂ ಸಿಕ್ಕಿಲ್ಲ. ಹೀಗೆ ಓದಿದರೆ ಅಧ್ಯಾಯದ ಕೊನೆಯ ಮಾತಿಗೂ ಇದಕ್ಕೂ ಜಗಳವೇ ಉಳಿಯುವುದಿಲ್ಲ.

ಅನುವಾದಕರ ಕಥೆ ಇನ್ನೂ ಸ್ವಾರಸ್ಯ. ಹಳೆಯ ಲ್ಯಾಟಿನ್ ಪಠ್ಯಗಳಲ್ಲಿ ಇದ್ದದ್ದು 'ಕೊತಿದಿಯಾನುಮ್', ಅಂದರೆ ದಿನನಿತ್ಯದ. 380ರ ದಶಕದಲ್ಲಿ ಪೋಪ್ ದಮಾಸಸ್ ಹೇಳಿದ ಮೇಲೆ ಜೆರೋಮ್ ಎಂಬ ಪಂಡಿತ ಲ್ಯಾಟಿನ್ ಸುವಾರ್ತೆಗಳನ್ನು ತಿದ್ದಲು ಕೂತ. ಲೂಕನಲ್ಲಿ 'ಕೊತಿದಿಯಾನುಮ್' ಹಾಗೇ ಬಿಟ್ಟ. ಮತ್ತಾಯನಲ್ಲಿ ಅದನ್ನು ತೆಗೆದು 'ಸೂಪರ್‌ಸಬ್‌ಸ್ಟಾನ್ಷಿಯಾಲೆಮ್' ಅಂತ ಹಾಕಿದ. ಸತ್ವಕ್ಕೆ ಮೀರಿದ ರೊಟ್ಟಿ! ಗ್ರೀಕಿನಲ್ಲಿ ಎರಡೂ ಕಡೆ ಒಂದೇ ಪದ, ಲ್ಯಾಟಿನ್‌ನಲ್ಲಿ ಒಂದು ಕಡೆ ಅಡುಗೆಮನೆಯ ರೊಟ್ಟಿ, ಇನ್ನೊಂದು ಕಡೆ ಪೂಜಾಪೀಠದ ರೊಟ್ಟಿ. ಅದೇ ಜೆರೋಮ್ ಮತ್ತಾಯನ ಮೇಲೆ ವ್ಯಾಖ್ಯಾನ ಬರೆಯುವಾಗ ಇನ್ನೊಂದು ಸಂಗತಿ ಹೇಳುತ್ತಾನೆ. 'ಹೀಬ್ರೂಗಳ ಪ್ರಕಾರ ಸುವಾರ್ತೆ' ಅಂತ ಕರೆಯುವ ಪುಸ್ತಕದಲ್ಲಿ ಈ ಜಾಗದಲ್ಲಿ 'ಮಹರ್' ಅಂತ ಇತ್ತಂತೆ. ಮಹರ್ ಅಂದರೆ ನಾಳೆ. ಆ ಪುಸ್ತಕ ಈಗ ಇಲ್ಲ, ಅಲ್ಲಿ ಇಲ್ಲಿ ಉಳಿದ ಉಲ್ಲೇಖಗಳಷ್ಟೇ ಇವೆ. ಮೂರು ಅರ್ಥವನ್ನೂ ಒಬ್ಬನೇ ದಾಖಲಿಸಿ ಹೋದ. ತಮಾಷೆ ಏನೆಂದರೆ, ಲ್ಯಾಟಿನ್ ಪೂಜೆಯಲ್ಲಿ ಜನ ಹೇಳುವ ಪ್ರಾರ್ಥನೆಗೆ ಅವನ ಹೊಸ ಪದ ಬರಲೇ ಇಲ್ಲ. ಅಲ್ಲಿ ಇವತ್ತಿಗೂ 'ಕೊತಿದಿಯಾನುಮ್'. ಬಾಯಿಪಾಠ ಆದದ್ದನ್ನು ಪಂಡಿತ ತಿದ್ದಲಾರ.

ಸಿರಿಯಾಕ್ ಭಾಷೆಯವರು ಏನು ಮಾಡಿದರು ಅನ್ನುವುದಕ್ಕೆ ಜಾಸ್ತಿ ತೂಕ ಕೊಡಬೇಕು. ಯೇಸು ಆಡುತ್ತಿದ್ದ ಅರಾಮಿಕ್‌ನ ಹತ್ತಿರದ ನಂಟ ಆ ಭಾಷೆ. ಕೇರಳದ ಸುರಿಯಾನಿ ಕ್ರೈಸ್ತರ ಪೂಜೆಗೆ ಪರಂಪರೆಯಿಂದ ಬಂದ ಭಾಷೆ ಅದೇ. ಅವರ ಪೆಶಿತ್ತಾ ಬೈಬಲ್ 'ನಮಗೆ ಬೇಕಾದ ರೊಟ್ಟಿ' ಅನ್ನುತ್ತದೆ. ಅದಕ್ಕಿಂತ ಹಳೆಯ ಸಿರಿಯಾಕ್ ಪಠ್ಯ 'ಎಡೆಬಿಡದ ರೊಟ್ಟಿ' ಅನ್ನುತ್ತದೆ. ಒಂದೇ ಭಾಷೆಯ ಒಳಗೇ ಎರಡು. ಯೇಸುವಿನ ಬಾಯಿಂದ ಬಂದ ಅರಾಮಿಕ್ ಪದ ಯಾವುದು ಅನ್ನುವ ನೆನಪು ಯಾರಲ್ಲೂ ಉಳಿದಿರಲಿಲ್ಲ, ಎಲ್ಲರೂ ಗ್ರೀಕನ್ನೇ ನೋಡಿ ಊಹಿಸುತ್ತಿದ್ದರು ಅಂತ ಇದರಿಂದ ಕಾಣುತ್ತದೆ.

ಸ್ಲಾವ್ ಭಾಷೆಯವರದು ಬೇರೆಯೇ ದಾರಿ. ಗ್ರೀಕ್ ಪದವನ್ನು ತುಂಡು ತುಂಡಾಗಿ ತಮ್ಮ ಭಾಷೆಗೆ ಎತ್ತಿಟ್ಟರು. ಎಪಿ ಜಾಗಕ್ಕೆ 'ನಾ', ಊಸಿಯಾ ಜಾಗಕ್ಕೆ ಇರವು ಅನ್ನುವ ಪದ. 'ನಸೂಷ್ನಿ' ಅಂತ ಒಂದು ಹೊಸ ಪದ ಹುಟ್ಟಿತು. ಇವತ್ತು ರಷ್ಯನ್‌ನಲ್ಲಿ ಅದು ದಿನಪತ್ರಿಕೆಯ ಪದ. ತುರ್ತಾದ, ಬಹಳ ಮುಖ್ಯವಾದ ಅನ್ನುವ ಅರ್ಥದಲ್ಲಿ ಧಾರಾಳವಾಗಿ ಓಡುತ್ತದೆ. ಗ್ರೀಕಿನಲ್ಲಿ ಒಂಟಿಯಾಗಿದ್ದದ್ದು ಅಲ್ಲಿ ಸಂಸಾರ ಕಟ್ಟಿಕೊಂಡಿತು.

ಈ ನಡುವೆ ಒಂದು ಸಲ ಎಲ್ಲರಿಗೂ ಆಸೆ ಹುಟ್ಟಿತ್ತು. 1888-89ರಲ್ಲಿ ಈಜಿಪ್ಟಿನ ಫಯೂಮ್ ಕಡೆ ಹವಾರಾದಲ್ಲಿ ಫ್ಲಿಂಡರ್ಸ್ ಪೆಟ್ರಿ ಎಂಬ ಪುರಾತತ್ವಜ್ಞ ಅಗೆಸುತ್ತಿದ್ದಾಗ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಳೆಯ ಕಾಗದದ ಚೂರುಗಳು ಸಿಕ್ಕವು. ಅದರಲ್ಲಿ ಒಂದು ಮನೆಖರ್ಚಿನ ಚೀಟಿ. ಎ. ಎಚ್. ಸೇಸ್ ಎಂಬ ವಿದ್ವಾಂಸ ಅದನ್ನು ಓದಿ ಬರೆದುಕೊಂಡ. 1915ರಲ್ಲಿ ಆ ಓದು ಪಪೈರಸ್‌ಗಳ ಒಂದು ದೊಡ್ಡ ಸಂಗ್ರಹದಲ್ಲಿ ಮತ್ತೆ ಅಚ್ಚಾಯಿತು. ಒಂದು ಸಾಲಿನಲ್ಲಿ 'ಎಪಿಊಸಿ...' ಅಂತ, ಮುಂದಿನ ಅಕ್ಷರ ಇಲ್ಲ. ಸಿಕ್ಕಿತು! ಸಾಮಾನಿನ ಪಟ್ಟಿಯಲ್ಲಿ ಈ ಪದ ಇದೆ ಅಂದರೆ ಅದು ಸಂತೆಯ ಪದ, ದಿನದ ಪಡಿ ಅನ್ನುವ ಅರ್ಥದ್ದು ಅಂತ ಹಲವರು ಖುಷಿಪಟ್ಟರು. ನಿಘಂಟುಗಳಿಗೂ ಸೇರಿತು. ಮೂಲ ಚೀಟಿ ನೋಡೋಣ ಅಂದರೆ ಅದು ಎಲ್ಲಿ ಹೋಯಿತೋ ಯಾರಿಗೂ ಪತ್ತೆ ಇಲ್ಲ. ಎಷ್ಟೋ ದಶಕ ಕಳೆದು, 1998ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಚೀಟಿ ಸಿಕ್ಕಿತು. ಇಬ್ಬರು ವಿದ್ವಾಂಸರು ಮತ್ತೆ ಓದಿ, 1999ರಲ್ಲಿ ಪ್ರಕಟಿಸಿದರು. ಅಲ್ಲಿ ಇದ್ದದ್ದು 'ಎಲಾಯೂ'. ಅಂದರೆ ಎಣ್ಣೆ.

ಎಣ್ಣೆ! ಯಾರದೋ ಮನೆಯ ಎಣ್ಣೆಯ ಲೆಕ್ಕ ಇಷ್ಟು ವರ್ಷ ಪಂಡಿತರನ್ನು ಆಡಿಸಿತು. ಪದ ಮತ್ತೆ ಒಂಟಿಯಾಯಿತು.

ಒಂಟಿಯಾಗಿದ್ದರಿಂದಲೇ ಅದು ಇನ್ನೊಂದು ಕೆಲಸಕ್ಕೆ ಬಂದಿದೆ. ಮತ್ತಾಯ, ಲೂಕ ಇಬ್ಬರೂ ಅರಾಮಿಕ್‌ನಿಂದ ಬೇರೆಬೇರೆಯಾಗಿ ಅನುವಾದ ಮಾಡಿದ್ದರೆ ಇಬ್ಬರಿಗೂ ಇದೇ ಅಪರೂಪದ ಪದ ಹೊಳೆಯುವುದು ಕಷ್ಟ. ಇಬ್ಬರು ಹುಡುಗರ ಉತ್ತರಪತ್ರಿಕೆಯಲ್ಲಿ ಒಂದೇ ವಿಚಿತ್ರ ಕಾಗುಣಿತ ಕಂಡರೆ ಮೇಷ್ಟ್ರು ಏನು ಅಂದುಕೊಳ್ಳುತ್ತಾರೆ? ಹಾಗೆಯೇ, ಇಬ್ಬರ ಮುಂದೆಯೂ ಈ ಪ್ರಾರ್ಥನೆ ಆಗಲೇ ಗ್ರೀಕಿನಲ್ಲಿ ಇತ್ತು ಅಂತ ವಿದ್ವಾಂಸರು ತೀರ್ಮಾನಿಸುತ್ತಾರೆ.

ಅರ್ಥದ ಮಾತಿಗೆ ಮರಳಿದರೆ, ಈ ಸಾಲು ಮೊದಲು ಕೇಳಿದವರ ಕಿವಿಯಲ್ಲಿ ಇನ್ನೊಂದು ಕಥೆ ಇತ್ತು. ಬೈಬಲಿನ ಹಳೆಯ ಒಡಂಬಡಿಕೆಯ ವಿಮೋಚನಕಾಂಡ, 16ನೇ ಅಧ್ಯಾಯ. ಮರಳುಗಾಡಿನಲ್ಲಿ ಇಸ್ರಾಯೇಲರಿಗೆ ಆಕಾಶದಿಂದ ಮನ್ನ ಎಂಬ ಆಹಾರ ಬೀಳುತ್ತದೆ. ಆಯಾ ದಿನಕ್ಕೆ ಬೇಕಾದಷ್ಟೇ ಬಳಿದುಕೊಳ್ಳಬೇಕು. ಬುದ್ಧಿವಂತಿಕೆ ಮಾಡಿ ಮರುದಿನಕ್ಕೆ ಎತ್ತಿಟ್ಟವರ ಪಾತ್ರೆಯಲ್ಲಿ ಹುಳ ಬಿದ್ದು ನಾತ ಹೊಡೆಯುತ್ತದೆ. ಒಂದೇ ಒಂದು ವಿನಾಯಿತಿ: ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಎರಡು ದಿನದ್ದು ಸಿಗುತ್ತದೆ. ಆ ಒಂದು ದಿನ ಮಾತ್ರ ನಾಳೆಯ ರೊಟ್ಟಿ ಇವತ್ತೇ ಕೈಗೆ ಬರುತ್ತದೆ, ಕೆಡುವುದೂ ಇಲ್ಲ. 'ಬರುವ ದಿನದ ರೊಟ್ಟಿ' ಅನ್ನುವವರಿಗೆ ಈ ಕಥೆ ಬಲ ಕೊಡುತ್ತದೆ.

ಇನ್ನೊಂದು, ಆ ಜನರ ಬದುಕು. ಮತ್ತಾಯ 20ರಲ್ಲಿ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ ಇದೆ. ಬೆಳಿಗ್ಗೆ ಸಂತೆಬೀದಿಯಲ್ಲಿ ನಿಲ್ಲುತ್ತಾರೆ, ಯಾರಾದರೂ ಕರೆದರೆ ಕೆಲಸ, ಸಂಜೆ ಕೈಗೆ ಒಂದು ದೆನಾರಿಯಸ್ ನಾಣ್ಯ. ಕೂಲಿಯವನ ದುಡ್ಡನ್ನು ರಾತ್ರಿ ಇಟ್ಟುಕೊಳ್ಳಬೇಡ ಅಂತ ಮೋಶೆಯ ಧರ್ಮಶಾಸ್ತ್ರವೇ ಹೇಳುತ್ತದೆ. ಸಂಜೆಯ ಕೂಲಿಯಿಂದ ಹಿಟ್ಟು ಬರಬೇಕು, ಹಿಟ್ಟಿನಿಂದ ಬೆಳಗಿನ ರೊಟ್ಟಿ ಆಗಬೇಕು. ನಮ್ಮ ಊರುಗಳ ಸರ್ಕಲ್‌ಗಳಲ್ಲಿ ಬೆಳಿಗ್ಗೆ ಗಾರೆ ಕೆಲಸದವರು ಬುತ್ತಿಗಂಟು ಹಿಡಿದು ನಿಂತಿರುತ್ತಾರಲ್ಲ, ಅವರಿಗೆ ಈ ಸಾಲನ್ನು ಯಾರೂ ವಿವರಿಸಬೇಕಾಗಿಲ್ಲ. ಇವತ್ತಿನ ಪಗಾರದಲ್ಲೇ ಬೆಳಗಾದರೆ ಕಟ್ಟಬೇಕಾದ ಬುತ್ತಿ ಇದೆ. ಹೀಗೆ ನೋಡಿದಾಗ 'ಇವತ್ತು' ಮತ್ತು 'ಎಪಿಯೂಸಿಯೊಸ್' ಒಂದನ್ನೊಂದು ತುಳಿಯುವುದಿಲ್ಲ. ಕೊಡುವುದು ಇವತ್ತು, ತಿನ್ನುವುದು ಬೆಳಗಾದ ಮೇಲೆ.

ಕನ್ನಡ ಬೈಬಲ್‌ನಲ್ಲಿ ಇನ್ನೊಂದು ಸಣ್ಣ ಬದಲಾವಣೆ ಆಗಿದೆ. ಗ್ರೀಕಿನಲ್ಲಿರುವುದು 'ಆರ್ಟೊಸ್', ರೊಟ್ಟಿ. ಸೈತಾನನಿಗೆ ಯೇಸು ಉತ್ತರ ಕೊಡುವಾಗ ನಮ್ಮ ಬೈಬಲ್‌ನಲ್ಲೂ ರೊಟ್ಟಿಯೇ ಇದೆ. ಪ್ರಾರ್ಥನೆಯಲ್ಲಿ ಮಾತ್ರ ಅದು 'ಆಹಾರ'. ಮುದ್ದೆ ಉಣ್ಣುವವರು, ಅನ್ನ ಉಣ್ಣುವವರು ಎಲ್ಲರೂ ಸೇರಿ ಹೇಳಬೇಕಾದ ಸಾಲು ಅಂತ ಹಾಗೆ ಮಾಡಿರಬಹುದು. ಸರಿಯೇ. ಆದರೆ 'ಅನುದಿನದ ಆಹಾರ' ಬಹಳ ನುಣ್ಣಗೆ ಜಾರಿಹೋಗುತ್ತದೆ. ಗ್ರೀಕ್ ಕೇಳಿದವನು ಆ ಪದದ ಮೇಲೆ ಎಡವಿ, "ಏನಂದೆ?" ಅಂತ ತಿರುಗಿ ನೋಡಿರಬೇಕು. ನಮ್ಮಲ್ಲಿ ಎಡವುವುದಕ್ಕೆ ಕಲ್ಲೇ ಇಲ್ಲ. 'ಪಡಿ' ಅನ್ನುವ ಹಳೆಯ ಪದ ಇಲ್ಲಿ ಚೆನ್ನಾಗಿ ಕೂರುತ್ತಿತ್ತು ಅನ್ನಿಸುತ್ತದೆ. ಅಳೆದು ಕೊಟ್ಟ ದಿನದ ಪಾಲು. ಪಡಿತರ ಚೀಟಿಯಲ್ಲಿ ಅದು ಇನ್ನೂ ಬದುಕಿದೆ.

ಲೂಕ ಈ ಪ್ರಾರ್ಥನೆ ಮುಗಿಸಿದ ಕೂಡಲೇ ಒಂದು ಕಥೆ ಹೇಳುತ್ತಾನೆ, 11ನೇ ಅಧ್ಯಾಯದ 5ನೇ ವಚನದಿಂದ. ನಡುರಾತ್ರಿ. ಒಬ್ಬನ ಮನೆಗೆ ದೂರದಿಂದ ಗೆಳೆಯ ಬಂದಿದ್ದಾನೆ. ಬಡಿಸಲು ಏನೂ ಇಲ್ಲ. ಪಕ್ಕದ ಸ್ನೇಹಿತನ ಬಾಗಿಲು ತಟ್ಟಿ ಮೂರು ರೊಟ್ಟಿ ಕಡ ಕೇಳುತ್ತಾನೆ. ಒಳಗಿನಿಂದ ಉತ್ತರ: ಬಾಗಿಲು ಹಾಕಿ ಆಗಿದೆ, ಮಕ್ಕಳು ನನ್ನ ಜೊತೆ ಮಲಗಿದ್ದಾರೆ, ಈಗ ಎದ್ದು ಕೊಡಲು ಆಗುವುದಿಲ್ಲ. ಇವನು ತಟ್ಟುವುದನ್ನು ಬಿಡುವುದಿಲ್ಲ. ಬೆಳಗಾಗಲು ಇನ್ನೂ ಹೊತ್ತಿದೆ. ಒಳಗಿನವನ ಮನೆಯಲ್ಲಿ ಆ ಹೊತ್ತಿಗೂ ಮೂರು ರೊಟ್ಟಿ ಇದ್ದದ್ದಂತೂ ನಿಜ, ಯಾಕೆಂದರೆ ಕೊನೆಗೆ ಅವನು ಎದ್ದು ಕೊಡುತ್ತಾನೆ.